ಅಪ್‌ಡೇಟ್: ಕ್ಯಾಮೆರಾ ಮತ್ತು ಮೊಬೈಲ್ ಸಂಪರ್ಕ ಈಗ ಕಡಿಯುತ್ತಿಲ್ಲ

ಹೋದ ವಾರ ಕೇಳಿದ್ದೆ: ಕೊಡಗಿನ ನಾಪೋಕ್ಲು ಬಳಿಯ ನಮ್ಮ ಕಾಫಿ ತೋಟದಲ್ಲಿ ಕುಟ್ರುಹಕ್ಕಿಯೊಂದು ಒಣಕೊಂಬೆ ಕೊರೆದು ಗೂಡು ಮಾಡಿದೆ; ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು ದೂರದಿಂದ ಮೊಬೈಲ್ ಆ್ಯಪ್‌ನಲ್ಲಿ ಚಿತ್ರ ತೆಗೆಯಹೋದರೆ ನಿಮಿಷದೊಳಗೆ ಸಂಪರ್ಕ ಕಡಿಯುತ್ತದೆ, ಏನು ಮಾಡಲಿ ಎಂದು.

ಆ್ಯಪ್ ಅಳಿಸಿ ಮತ್ತೆ ಹಾಕಿದೆ, ಕ್ಯಾಮೆರಾದ ನೆಟ್‌ವರ್ಕ್ ರೀಸೆಟ್ ಮಾಡಿದೆ, ಎರಡರಿಂದಲೂ ಪ್ರಯೋಜನವಾಗಲಿಲ್ಲ. ಕೈಹಿಡಿದದ್ದು ಮೊಬೈಲ್ ಡೇಟಾ ಆಫ್ ಮಾಡಿ ಎಂದವರ ಸಲಹೆ. ಕ್ಯಾಮೆರಾ ತನ್ನದೇ ವೈಫೈ ಕೊಡುತ್ತದೆ, ಆದರೆ ಅದರಲ್ಲಿ ಇಂಟರ್ನೆಟ್ ಇರುವುದಿಲ್ಲ. ಇಂಟರ್ನೆಟ್ ಸಿಗದ ಫೋನ್ ತಾನಾಗಿಯೇ ಆ ವೈಫೈ ಬಿಟ್ಟು ಡೇಟಾಗೆ ಹೋಗುತ್ತಿತ್ತು. ಡೇಟಾ ನಿಲ್ಲಿಸಿದ ಮೇಲೆ ಅರ್ಧ ಗಂಟೆ ಕೂತರೂ ಕಡಿಯಲಿಲ್ಲ. ಸಲಹೆ ಕೊಟ್ಟವರಿಗೆ ಮನಸಾರೆ ಕೃತಜ್ಞತೆ.

ನಾನು ಎಣಿಸದಿದ್ದ ಸಂಗತಿ ಇನ್ನೊಂದಿತ್ತು. ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮರುದಿನ ಬೆಳಗ್ಗೆ ಅದೇ ಜಾಗದಲ್ಲಿ ಸಿಗ್ನಲ್ ತೀರಾ ಕುಂದಿತು. ನೀರು ವೈಫೈ ಅಲೆಗಳನ್ನು ಹೀರುತ್ತದೆ, ಕ್ಯಾಮೆರಾಕ್ಕೂ ನನಗೂ ನಡುವೆ ತೊಟ್ಟಿಕ್ಕುವ ಕಾಫಿ ಗಿಡಗಳ ಸಾಲೇ ಇತ್ತು. ಎಲೆ ಅಡ್ಡ ಬಾರದ ಕಾಲುದಾರಿಗೆ ಸರಿದು, ಕ್ಯಾಮೆರಾದ ವೈಫೈಗೆ 5 ಗಿಗಾಹರ್ಟ್ಸ್ ಅಲೆಯ ಬದಲು 2.4 ಆರಿಸಿದೆ, ಇದು ಹೆಚ್ಚು ದೂರ ತಲುಪುತ್ತದೆ. ವೈಫೈ ಬಳಸಿದರೆ ಕ್ಯಾಮೆರಾ ಬ್ಯಾಟರಿ ಮಾತ್ರ ಬೇಗ ಖಾಲಿಯಾಗುತ್ತದೆ, ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇರಲಿ. ಶಟರ್ ಸದ್ದನ್ನೂ ನಿಲ್ಲಿಸಿ, ಗೂಡಿನ ಹಕ್ಕಿ ಬೆದರಬಾರದು.

ನಿನ್ನೆ ಕೊನೆಗೂ ಚಿತ್ರ ಸಿಕ್ಕಿತು: ಕೊಕ್ಕಿನಲ್ಲಿ ಕೆಂಪು ಅತ್ತಿಹಣ್ಣು, ಪೊಟರೆಯ ಬಾಯಲ್ಲಿ ಮರಿಯ ತಲೆ.