ಪಾತ್ರಗಳ ಬಾಯಲ್ಲಿ ಯಾವ ಕನ್ನಡ? ಓದುಗರ ಸ್ಪಂದನ

ಶಿರಸಿ ಸಮೀಪದ ಹಳ್ಳಿಯ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ತೊಡಕು ಬರೆದಿದ್ದರು. ಕಾರವಾರದಲ್ಲಿ ಕೆಲಸ, ರಾತ್ರಿ ಹೊತ್ತು ಕಥೆ ಬರೆಯುತ್ತಾರೆ. ಊರು ಬಿಟ್ಟ ಮೇಲೆ ಮನೆಯ ಮಾತು ಕೈತಪ್ಪುತ್ತಿದೆ ಅನ್ನುವ ಅಳುಕೂ ಇದೆ. “ವರ್ಣನೆ ಬರುತ್ತದೆ, ಸಂಭಾಷಣೆ ಬರುವುದಿಲ್ಲ. ನನ್ನ ಪಾತ್ರಗಳು ಬಾಯಿ ಬಿಟ್ಟರೆ ಟಿವಿ ಧಾರಾವಾಹಿ ಕೇಳಿದ ಹಾಗಾಗುತ್ತದೆ. ಮನೆಯ ಹವಿಗನ್ನಡದಲ್ಲೇ (ಹವ್ಯಕರ ಆಡುಮಾತು) ಬರೆಯೋಣ ಅಂದರೆ ಬೇರೆ ಊರಿನವರಿಗೆ ತಿಳಿಯುವುದಿಲ್ಲ ಅಂತಾಳೆ ಗೆಳತಿ. ಆನ್‌ಲೈನ್ ಕೋರ್ಸ್ ಏನಾದರೂ ಸೇರಲಾ?” ಎಂದು ಕೇಳಿದ್ದರು. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಕೋರ್ಸ್ ಸೇರುವ ಮೊದಲು ಒಂದು ತಾಳಮದ್ದಲೆಗೆ ಹೋಗಿ ಕೂತುಕೊಳ್ಳಿ. ಯಕ್ಷಗಾನದ ಆಟದಲ್ಲಾದರೆ ವೇಷ ಇದೆ, ಕುಣಿತ ಇದೆ. ಮಾತು ಸ್ವಲ್ಪ ಸೋತರೂ ಚಂಡೆ ಕಾಪಾಡುತ್ತದೆ. ತಾಳಮದ್ದಲೆಯಲ್ಲಿ ಅವೆರಡೂ ಇಲ್ಲ; ಪಾತ್ರದ ಮಾತಾಡುವ ಅರ್ಥಧಾರಿಗೆ ಮಾತು ಬಿಟ್ಟರೆ ಬೇರೆ ಆಸರೆಯಿಲ್ಲ. ಪಂಚೆ, ಶಾಲು ಹಾಕಿಕೊಂಡವರು ಎದುರುಬದುರು ಕೂತಿರುತ್ತಾರೆ. ಭಾಗವತರು ಪದ ಹಾಡಿ ನಿಲ್ಲಿಸಿದ ಕೂಡಲೇ ಅರ್ಥಧಾರಿ ಅಲ್ಲೇ ಮಾತು ಕಟ್ಟಬೇಕು. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಕಥೆ ಎಲ್ಲರಿಗೂ ಗೊತ್ತು, ಕೊನೆಯೂ ಗೊತ್ತು. ಆದರೂ ಜನ ಏಳುವುದಿಲ್ಲ.

ವಾಲಿವಧೆಯನ್ನೇ ತಗೊಳ್ಳಿ. ಬಾಣ ತಾಗಿ ವಾಲಿ ಬಿದ್ದಿದ್ದಾನೆ. ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ರಾಮನನ್ನು ಕೇಳುತ್ತಾನೆ. ರಾಮ ಉತ್ತರ ಕೊಡದೆ ಹೋಗುವ ಹಾಗಿಲ್ಲ. ಕೊಟ್ಟ ಉತ್ತರದೊಳಗೇ ವಾಲಿಗೆ ಮುಂದಿನ ಪ್ರಶ್ನೆ ಸಿಕ್ಕಿಬಿಡುತ್ತದೆ. ಒಬ್ಬನಿಗೆ ಎದುರಿನವನ ಬಾಯಿಂದ ‘ತಪ್ಪಾಯಿತು’ ಅಂತ ಹೇಳಿಸಬೇಕು, ಇನ್ನೊಬ್ಬನಿಗೆ ತಾನು ಮಾಡಿದ್ದು ಸರಿ ಅನ್ನಿಸಿಕೊಳ್ಳಬೇಕು. ಕೇಳುವವರು ಕಾಯುವುದು ಈ ಎಳೆದಾಟಕ್ಕೆ.

ಧಾರಾವಾಹಿಯಲ್ಲಿ ಹೆಂಡತಿ ಗಂಡನಿಗೆ, “ನಿಮ್ಮ ತಂಗಿಯ ಮದುವೆಯಾಗಿ ಮೂರು ವರ್ಷವಾಯಿತಲ್ಲ” ಅಂತಾಳೆ. ಅವನಿಗೆ ಗೊತ್ತಿಲ್ಲವಾ? ಅವಳು ಹೇಳಿದ್ದು ಸೋಫಾದಲ್ಲಿ ಕೂತ ನಮಗೆ. ನಿಮ್ಮ ಕಥೆಯ ಒಂದು ಪುಟ ತೆಗೆದು, ಪ್ರತಿ ಮಾತಿನ ಪಕ್ಕದಲ್ಲಿ ಈ ಪಾತ್ರಕ್ಕೆ ಈಗ ಎದುರಿನವರಿಂದ ಏನು ಬೇಕು ಅಂತ ಪೆನ್ಸಿಲ್‌ನಲ್ಲಿ ಬರೆದು ನೋಡಿ. ಏನೂ ಬರೆಯಲು ತೋಚದಿದ್ದರೆ ಆ ಮಾತು ಹೊಡೆದುಹಾಕಿ. ಅರ್ಧ ಪುಟ ಹೋದರೂ ಹೋಗಲಿ.

ಹಾಗಂತ ಅರ್ಥಗಾರಿಕೆಯ ಉದ್ದುದ್ದ ವಾಕ್ಯಗಳನ್ನು ಕಥೆಗೆ ಇಳಿಸಬೇಡಿ ಮತ್ತೆ. ತೋಟದ ಪಾಲಿಗೆ ಕಿತ್ತಾಡುವ ಅಣ್ಣತಮ್ಮಂದಿರು ಕರ್ಣಾರ್ಜುನರ ಹಾಗೆ ಮಾತಾಡಿದರೆ ನಗು ಬರುತ್ತದೆ.

— ಹವ್ಯಾಸಿ ಅರ್ಥಧಾರಿ, ಸಿದ್ದಾಪುರ

*

ಕಾರವಾರದಲ್ಲಿ ಇದ್ದೀರಿ, ಟಾಗೋರ್ ಬೀಚಿನಲ್ಲಿ ಕೂತು ಬರೆಯಿರಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ರವೀಂದ್ರನಾಥರು 22ರ ವಯಸ್ಸಿನ ಆಸುಪಾಸಿನಲ್ಲಿ ಇಲ್ಲಿಗೆ ಬಂದಾಗ ನಾಟಕವೊಂದನ್ನು ಬರೆದದ್ದು ನಿಜ. ಆದರೆ ಆಗ ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಉಳಿಯಲು ಅಣ್ಣನ ಮನೆ, ಹೊತ್ತುಹೊತ್ತಿಗೆ ಊಟ. ನಿಮಗೆ ಬೆಳಿಗ್ಗೆ ಆಫೀಸ್ ಇದೆ. ಕಡಲು ನೋಡಿದರೆ ವರ್ಣನೆ ಜಾಸ್ತಿಯಾಗುತ್ತದೆ, ಅದು ನಿಮಗೆ ಈಗಲೇ ಬರುತ್ತದಂತಲ್ಲ. ಮೀನು ಮಾರ್ಕೆಟಿಗೆ ಹೋಗಿ. ಸಸ್ಯಾಹಾರಿಯಾದರೂ ಅಡ್ಡಿಯಿಲ್ಲ, ಚೌಕಾಸಿ ಕೇಳಲು ಯಾರೂ ದುಡ್ಡು ಕೇಳುವುದಿಲ್ಲ.

— ಓದುಗ, ಕೋಡಿಬಾಗ

*

ಗೆಳತಿಯ ಮಾತಿಗೆ ಹೆದರಬೇಡಿ. ನಾನು ಶಾಲೆಯಲ್ಲಿ ಕನ್ನಡ ಕಲಿಸಿದವಳು. ನಮ್ಮ ಮಕ್ಕಳು ಧಾರವಾಡದ ಕನ್ನಡವನ್ನೂ ಮೈಸೂರಿನ ಕನ್ನಡವನ್ನೂ ಪಾಠದಲ್ಲಿ ಓದಿ ಅರ್ಥಮಾಡಿಕೊಳ್ಳುತ್ತಾರೆ. ಅಲ್ಲಿಯವರು ನಮ್ಮದನ್ನು ಓದಿದರೆ ಏನಾಯಿತು?

ಒಂದು ಉದಾಹರಣೆ ಕೊಡುತ್ತೇನೆ. ಊರಲ್ಲಿರುವ ಅಣ್ಣನಿಗೆ, ಹೊರಗಿರುವ ತಮ್ಮ ದುಡ್ಡು ಕೊಡುವುದಿಲ್ಲ ಅಂತ ಸಿಟ್ಟು. “ಅಪ್ಪನ ಔಷಧಿಯ ಖರ್ಚನ್ನೆಲ್ಲ ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ, ನೀನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ” ಎಂದು ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ, ಯಾರಿಗೂ ತಾಗುವುದಿಲ್ಲ. ಇದನ್ನು ಹೀಗೆ ಮಾಡಿ ನೋಡಿ:

“ಅಪ್ಪಯ್ಯನ ಮಾತ್ರೆ ಮುಗದ್ದು.”
“ಈ ಸಲ ಅಡಿಕೆ ರೇಟ್ ಹ್ಯಾಂಗಿದ್ದು?”

ಅಣ್ಣ ಕೇಳಿದ್ದೂ ಅಷ್ಟೇ, ತಮ್ಮ ಜಾರಿಕೊಂಡದ್ದೂ ಅಷ್ಟೇ. ಹವಿಗನ್ನಡ ಅಂತ ಇಲ್ಲಿ ಇರುವುದು ಒಂದು ಹಿಡಿ. ಬಳ್ಳಾರಿಯವರಿಗೂ ತಿಳಿಯುತ್ತದೆ. ಕಥೆ ಹೇಳುವ ಭಾಗ ನಿಮ್ಮ ಬರವಣಿಗೆಯ ಕನ್ನಡದಲ್ಲೇ ಇರಲಿ, ಮಾತು ಮಾತ್ರ ಮನೆಯದಾಗಲಿ. ಉಚ್ಚಾರ ಇದ್ದದ್ದು ಇದ್ದ ಹಾಗೆ ಅಕ್ಷರಕ್ಕಿಳಿಸುವ ಹಟ ಬೇಡ. ಒಂದೆರಡು ಕ್ರಿಯಾಪದ, ಕರೆಯುವ ರೀತಿ, ಇಷ್ಟರಲ್ಲೇ ಧ್ವನಿ ಕೇಳಿಸುತ್ತದೆ.

ಇನ್ನೊಂದು ವಿಷಯ. ಎಲ್ಲರ ಬಾಯಲ್ಲೂ ಹವಿಗನ್ನಡ ತುರುಕಬೇಡಿ. ನಿಮ್ಮ ಕಥೆಯೊಳಗೆ ತೋಟಕ್ಕೆ ಬರುವ ಕೆಲಸದವರು ಇರುತ್ತಾರೆ, ಹುಬ್ಬಳ್ಳಿ ಕಡೆಯ ಕಂಡಕ್ಟರ್ ಇರುತ್ತಾನೆ, ಭಟ್ಕಳದ ಬಟ್ಟೆ ವ್ಯಾಪಾರಿ ಇರಬಹುದು. ನಮ್ಮ ಒಂದೇ ಜಿಲ್ಲೆಯಲ್ಲಿ ಹಾಲಕ್ಕಿಗಳ ಕನ್ನಡ ಬೇರೆ, ನಾಡವರದು ಬೇರೆ, ಭಟ್ಕಳದ ಮುಸ್ಲಿಮರ ನವಾಯತಿ ಬೇರೆ, ಕೊಂಕಣಿ ಬೇರೆ. ಹವಿಗನ್ನಡವೇ ಘಟ್ಟದ ಮೇಲೊಂದು ಥರ, ಕೆಳಗೊಂದು ಥರ. ರಜೆಗೆ ಊರಿಗೆ ಹೋಗುವಾಗ ಕುಮಟಾದಿಂದ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಇಯರ್‌ಫೋನ್ ತೆಗೆದಿಟ್ಟು ಕೂರಿ. ಯಾರು ಯಾರೊಡನೆ ಮಾತು ಬದಲಿಸುತ್ತಾರೆ ನೋಡಿ. ಪಕ್ಕದ ಸೀಟಿನವಳೊಡನೆ ಮನೆಮಾತು ಆಡುತ್ತಿದ್ದ ಹೆಂಗಸು, ಬ್ಯಾಂಕಿನವರ ಫೋನ್ ಬಂದ ಕೂಡಲೇ ಪುಸ್ತಕದ ಕನ್ನಡಕ್ಕೆ ಹೋಗುತ್ತಾಳೆ. ಅವಳಿಗೆ ಹೆದರಿಕೆಯಾಗಿದೆ ಅಂತ ನೀವು ಬೇರೆ ಹೇಳಬೇಕಾಗಿಲ್ಲ.

— ನಿವೃತ್ತ ಶಿಕ್ಷಕಿ, ಕುಮಟಾ

*

ನಾನು ಕೋಲಾರದವನು. ಕೆಲಸದ ಮೇಲೆ ಅಂಕೋಲೆಗೆ ಬಂದಿದ್ದೇನೆ. ನಿಮ್ಮ ಗೆಳತಿಯ ಪರವಾಗಿಯೂ ಒಂದು ಮಾತು ಬೇಕಲ್ಲ! ಪುಟವಿಡೀ ತಿಳಿಯದಿದ್ದರೆ ನನ್ನಂಥವನು ಕಥೆ ಮುಚ್ಚಿಡುತ್ತಾನೆ. ಮೊದಲ ಪುಟದಲ್ಲಿ ಕೈ ಹಿಡಿದು ಕರೆದುಕೊಂಡು ಹೋಗಿ, ಆಮೇಲೆ ಬೇಕಾದರೆ ಬಿಟ್ಟುಬಿಡಿ.

— ಓದುಗ, ಅಂಕೋಲಾ

*

ನಿಮಗಾದರೂ ಮನೆಮಾತು ಕನ್ನಡವೇ. ನಮ್ಮದು ಕೊಂಕಣಿ. ನನ್ನ ಕಥೆಯ ಅಜ್ಜಿ ಕನ್ನಡ ಆಡಿದವಳೇ ಅಲ್ಲ, ಆದರೂ ಅವಳನ್ನು ಕನ್ನಡದಲ್ಲೇ ಮಾತಾಡಿಸಬೇಕು. ನಡುನಡುವೆ ಕೊಂಕಣಿ ವಾಕ್ಯ ಹಾಕಿ ಕೆಳಗೆ ಅರ್ಥ ಬರೆಯುವವರಿದ್ದಾರೆ. ಓದು ಮುಗ್ಗರಿಸುತ್ತದೆ, ನನಗೆ ಅದು ಹಿಡಿಸುವುದಿಲ್ಲ. ನಾನು ಅವಳಿಗೆ ಸರಳ ಕನ್ನಡ ಕೊಡುತ್ತೇನೆ, ಅವಳ ಬೈಗುಳದ ಗತ್ತು ಉಳಿಸಿಕೊಳ್ಳುತ್ತೇನೆ. ಅಜ್ಜಿ ಬಯ್ಯುವಾಗ ಯಾವತ್ತೂ ಪ್ರಶ್ನೆ ಕೇಳುತ್ತಾಳೆ, ಉತ್ತರಕ್ಕೆ ಕಾಯುವುದಿಲ್ಲ. ಅದನ್ನು ಯಾವ ಭಾಷೆಗೂ ಒಯ್ಯಬಹುದು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು. ಹಾಗಾಗಿ ನಮಗೂ ಧೈರ್ಯ.

ಊರು ಬಿಟ್ಟು ಕಾರವಾರಕ್ಕೆ ಬಂದಿದ್ದರಿಂದ ಮನೆಯ ಮಾತು ಕೈತಪ್ಪುತ್ತಿದೆ ಅನ್ನುವ ಅಳುಕು ನಿಮ್ಮ ಪತ್ರದಲ್ಲಿ ಕಂಡಿತು. ಕಥೆಗಾರ ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞರಾಗಿ ಮುಂಬಯಿಯಲ್ಲಿ ಬಾಳಿದವರು. ಅಲ್ಲಿದ್ದುಕೊಂಡೇ ತಮ್ಮ ಹುಟ್ಟೂರು ಹನೇಹಳ್ಳಿಯನ್ನು ಬರೆದರು. ಕಾರವಾರದಿಂದ ಶಿರಸಿ ಅಷ್ಟೇನೂ ದೂರವಿಲ್ಲ.

— ಓದುಗ, ಸದಾಶಿವಗಡ

*

ಕೋರ್ಸಿನ ಬಗ್ಗೆ ಯಾರೂ ನೇರ ಉತ್ತರ ಕೊಡಲಿಕ್ಕಿಲ್ಲ ಅಂತ ನಾನು ಬರೆಯುತ್ತಿದ್ದೇನೆ. ಸೇರಿ, ಆದರೆ ನೀವು ಬರೆದದ್ದನ್ನು ಸಾಲುಸಾಲಾಗಿ ಓದಿ ಗುರುತು ಹಾಕಿ ಕೊಡುವವರು ಇದ್ದರೆ ಮಾತ್ರ. ಬರೀ ಭಾಷಣದ ವಿಡಿಯೊಗಳಿಗೆ ದುಡ್ಡು ಹಾಕಬೇಡಿ. ಅದಕ್ಕಿಂತ ಕಥೆಯನ್ನು ಮನೆಯವರ ಎದುರು ಗಟ್ಟಿಯಾಗಿ ಓದುವುದು ಒಳ್ಳೆಯದು. ನಮ್ಮ ಆಯಿಗೆ ನಾನು ಓದಿ ಹೇಳುತ್ತೇನೆ. “ಹಂಗೆ ಯಾರು ಮಾತಾಡ್ತ?” ಅಂತ ಅವಳು ತಡೆದ ಜಾಗಕ್ಕೆಲ್ಲ ಗೆರೆ ಹಾಕುತ್ತೇನೆ.

— ಓದುಗಿ, ಯಲ್ಲಾಪುರ

*

ಅಕ್ಷರ ಜೋಡಿಸುವ ಕೆಲಸ ನನ್ನದು, ಹಾಗಾಗಿ ಕೆಲಸದ ಮಾತಷ್ಟೇ ಹೇಳುತ್ತೇನೆ. ಸಂಭಾಷಣೆಯಲ್ಲಿ ಒಬ್ಬರ ಮಾತು ಮುಗಿದ ಮೇಲೆ ಹೊಸ ಸಾಲಿಗೆ ಹೋಗಿ. ಪ್ರತಿ ಸಲ “ಎಂದು ಹೇಳಿದನು”, “ಎಂದು ಉತ್ತರಿಸಿದಳು” ಬೇಡ, ಯಾರ ಮಾತು ಅಂತ ತಿಳಿದರೆ ಸಾಕು. ಯೂನಿಕೋಡ್‌ನಲ್ಲಿ ಟೈಪ್ ಮಾಡಿಟ್ಟುಕೊಳ್ಳಿ. ‘ಮಯೂರ’, ‘ಸುಧಾ’, ‘ತರಂಗ’, ‘ತುಷಾರ’ ಯಾವುದಕ್ಕೇ ಆಗಲಿ, ಒಂದು ಕಥೆಯನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಿ. ‘ಪ್ರಜಾವಾಣಿ’ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆ ಬಂದಾಗ ನಿಯಮ ಪೂರ್ತಿ ಓದಿ, ಪದಮಿತಿ ಮೀರಬೇಡಿ. ಮುಂದೆ ಸಂಕಲನವಾಗುವಷ್ಟು ಕಥೆಗಳಾದರೆ ‘ಛಂದ ಪುಸ್ತಕ’ ಪ್ರಕಾಶನದ ಹಸ್ತಪ್ರತಿ ಸ್ಪರ್ಧೆ ಇದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ನೆರವು ಕೊಡುತ್ತದೆ. ಹವಿಗನ್ನಡದ ಕಥೆಯ ಜೊತೆಗೆ ಪದಕೋಶ ಮಾಡಿ ಕಳಿಸುವವರನ್ನು ನೋಡಿದ್ದೇನೆ. ಅದು ಬೇಡ. ಬೇಕಾದರೆ ಸಂಪಾದಕರೇ ಕೇಳುತ್ತಾರೆ.

— ಡಿಟಿಪಿ ಕೆಲಸದವರು, ಶಿರಸಿ