ರಿಯಲ್ ಎಸ್ಟೇಟ್ ಏಜೆಂಟ್ ಲೈಸೆನ್ಸ್: ತಲಪಾಡಿ ಗಡಿಯ ಈಚೆಗೊಂದು, ಆಚೆಗೊಂದು

ಕೇರಳದ ಮಂಜೇಶ್ವರದಿಂದ ಬಂದ ಪ್ರಶ್ನೆ: "ನಮ್ಮ ಮಾವ ಮೂವತ್ತು ವರ್ಷದಿಂದ ಜಾಗೆಯ ದಲ್ಲಾಳಿ. ಅವರ ಜೊತೆ ತಿರುಗಿ ನಾನೂ ಕಲಿತಿದ್ದೇನೆ. ಈಗ ಮಂಗಳೂರಿನ ಬಿಲ್ಡರ್ ಒಬ್ಬರು ಫ್ಲ್ಯಾಟ್ ಮಾರಿಕೊಡಿ ಅಂತಿದ್ದಾರೆ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಬೇಕಂತೆ. ಎಲ್ಲಿ ಮಾಡಿಸಬೇಕು? ಪರೀಕ್ಷೆ ಇದೆಯಾ? ಮಾಡಿಸಿದವರು ದಯವಿಟ್ಟು ಹೇಳಿ."

ಉಪ್ಪಳದಿಂದ:

ತಮ್ಮಾ, ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಮನೆ ಉಪ್ಪಳದಲ್ಲಿ, ಹಾಗಾಗಿ ಕೇರಳದ ರೇರಾ ಸಾಕು ಅಂದುಕೊಂಡೆ. ಆನ್‌ಲೈನ್ ಅರ್ಜಿ ಹಾಕಿದೆ, ಫೀಸ್ ಕಟ್ಟಿದೆ, ನಂಬರ್ ಬಂತು. ಅದನ್ನು ಹಾಕಿ ವಿಸಿಟಿಂಗ್ ಕಾರ್ಡ್ ಕೂಡ ಮಾಡಿಸಿದೆ. ಮಂಗಳೂರು ಕಡೆಯ ತೊಕ್ಕೊಟ್ಟಿನ ಹತ್ತಿರ ಒಂದು ಸೈಟ್ ಆಫೀಸಿಗೆ ಗಿರಾಕಿಯನ್ನು ಕರಕೊಂಡು ಹೋದಾಗ, ಲೆಕ್ಕ ನೋಡುವ ಹುಡುಗಿ ಕಾರ್ಡನ್ನು ಎರಡು ಸಲ ತಿರುಗಿಸಿ ನೋಡಿದಳು. "ಅಣ್ಣ, ಇದು ಕೇರಳದ್ದಲ್ವಾ? ನಮ್ಮಲ್ಲಿ ಇದು ನಡೆಯುವುದಿಲ್ಲ" ಅಂದಳು. ಗಿರಾಕಿ ಪಕ್ಕದಲ್ಲೇ ನಿಂತಿದ್ದರು.

ಅವಳು ಹೇಳಿದ್ದು ಸರಿ. ರೇರಾ ಕಾಯಿದೆ 2016ರದ್ದು, ಇಡೀ ದೇಶಕ್ಕೆ ಒಂದೇ. ಆದರೆ ಏಜೆಂಟರ ನೋಂದಣಿ ಆಯಾ ರಾಜ್ಯದ್ದು. ಒಮ್ಮೆ ಮಾಡಿಸಿದರೆ ಆ ರಾಜ್ಯದಲ್ಲಿ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು, ಕಾಸರಗೋಡಿನಿಂದ ತಿರುವನಂತಪುರದವರೆಗೂ. ತಲಪಾಡಿ ದಾಟಿದರೆ ಮಾತ್ರ ಆ ನಂಬರಿಗೆ ಬೆಲೆ ಇಲ್ಲ. ಫ್ಲ್ಯಾಟ್ ಎಲ್ಲಿದೆಯೋ ಅಲ್ಲಿಯ ರೇರಾ ಬೇಕು. ನಾನು ಆಮೇಲೆ ಕರ್ನಾಟಕಕ್ಕೆ ಬೇರೆ ಅರ್ಜಿ ಹಾಕಿದೆ, ಇನ್ನೊಮ್ಮೆ ಫೀಸ್ ಕಟ್ಟಿದೆ.

ಪ್ಯಾನ್, ಫೋಟೋ, ವಿಳಾಸದ ದಾಖಲೆ, ಆದಾಯ ತೆರಿಗೆಯ ಕಾಗದ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಎಲ್ಲದರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಲಿ. ನಮ್ಮ ಊರಿನವರ ಹೆಸರು ಒಂದು ಕಡೆ ಮಲಯಾಳಂ ರೀತಿ, ಇನ್ನೊಂದು ಕಡೆ ಕನ್ನಡ ರೀತಿ ಇರುತ್ತದೆ. ನನ್ನ ಅರ್ಜಿ ತಡವಾದದ್ದು ಅದರಿಂದಲೇ.

ನಂಬರ್ ಇಲ್ಲದೆ "ಸುಮ್ನೆ ಒಂದು ಫ್ಲ್ಯಾಟ್" ಅಂತ ಮಾರಬೇಡಿ. ದಂಡ ದಿನಕ್ಕೆ 10,000 ರೂಪಾಯಿ, ಆ ಫ್ಲ್ಯಾಟಿನ ಬೆಲೆಯ ಶೇ. 5ರವರೆಗೂ ಹೋಗಬಹುದು. ನಮ್ಮ ಕಮಿಷನ್ ಎಷ್ಟು ಅಂತ ನಿಮಗೇ ಗೊತ್ತಲ್ಲ.

ಮಹಾರಾಷ್ಟ್ರದ ಅಕ್ಕಲಕೋಟೆಯಿಂದ:

ಪರೀಕ್ಷೆಯ ವಿಷಯ ನಾನು ಹೇಳುತ್ತೇನೆ. ಕೇಂದ್ರದ ಕಾಯಿದೆಯಲ್ಲಿ ಪರೀಕ್ಷೆ ಇಲ್ಲ. ಮಹಾರಾಷ್ಟ್ರದವರು 2023ರಲ್ಲಿ ಆದೇಶ ಮಾಡಿ ತರಬೇತಿ, ಪರೀಕ್ಷೆ ಎರಡನ್ನೂ ತಂದರು. ಹಳೆಯ ಏಜೆಂಟರಿಗೂ ಬಿಡಲಿಲ್ಲ. ನಾನು ಮರಾಠಿಯಲ್ಲಿ ಬರೆದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಹಾಗಾಗಿ ಕಷ್ಟ ಆಗಲಿಲ್ಲ. ಓದಿದ್ದು ಒಳ್ಳೆಯದೇ ಆಯಿತು. ಕರಾರು ಪತ್ರ ಮಾಡದೆ ಬಿಲ್ಡರ್ ಶೇ. 10ಕ್ಕಿಂತ ಜಾಸ್ತಿ ಮುಂಗಡ ತಗೊಳ್ಳುವಂತಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಆ ತರಬೇತಿಯಲ್ಲಿ. ಈಗ ಗಿರಾಕಿಗೆ ಮೊದಲು ಅದನ್ನೇ ಹೇಳುತ್ತೇನೆ.

ಬದಿಯಡ್ಕದಿಂದ:

ಮಾವನ ಕೆಲಸಕ್ಕೆ ಇದು ಬೇಕಾ ಅಂತ ಸಂಶಯ ಬರಬಹುದು. ಯಾರದೋ ಹಳೆ ಮನೆ, ಎರಡು ಎಕ್ರೆ ಅಡಿಕೆ ತೋಟ ಮಾರಿಸಿದರೆ ರೇರಾ ಕೇಳುವುದಿಲ್ಲ. ಅದು ಇರುವುದು ಪ್ರಾಜೆಕ್ಟುಗಳಿಗೆ. ಆದರೆ ಜಾಗೆ 500 ಚದರ ಮೀಟರ್ ದಾಟಿ, ಅದನ್ನು ತುಂಡು ಮಾಡಿ ಪ್ಲಾಟ್ ಅಂತ ಮಾರಲು ಹೊರಟರೆ ಆ ಪ್ರಾಜೆಕ್ಟ್ ನೋಂದಣಿ ಆಗಿರಬೇಕು. 500 ಚದರ ಮೀಟರ್ ಅಂದರೆ ನಮ್ಮ ಲೆಕ್ಕದಲ್ಲಿ ಹನ್ನೆರಡೂ ಚಿಲ್ಲರೆ ಸೆಂಟ್ಸ್, ಅಷ್ಟೇ. ನೋಂದಣಿ ಆಗದ ಲೇಔಟನ್ನು ಏಜೆಂಟ್ ಮುಟ್ಟುವ ಹಾಗಿಲ್ಲ.

ಇನ್ನೊಂದು ಮಾತು. ಲೈಸೆನ್ಸ್ ಬಂದರೂ ಕಾಗದ ಓದಲು ಬರದಿದ್ದರೆ ಕಷ್ಟ. ನಾನು ಕನ್ನಡ ಮಾಧ್ಯಮದಲ್ಲಿ ಕಲಿತವಳು, ಮಲಯಾಳಂ ಮಾತಾಡುತ್ತೇನೆ, ಓದುವುದು ನಿಧಾನ. ಒಂದು ಸಲ ಹತ್ತು ಸೆಂಟ್ಸ್ ಜಾಗೆ ತೋರಿಸಿದೆ. ಮಣ್ಣು ತುಂಬಿಸಿ ಸಮ ಮಾಡಿದ್ದರು, ಬದಿಯಲ್ಲಿ ಎರಡು ತೆಂಗಿನ ಗಿಡ. ಮಾರುವವರು ಹೇಳಿದ್ದನ್ನೇ ನಂಬಿದೆ. ತೆರಿಗೆ ರಶೀದಿಯಲ್ಲಿ "ನಿಲಂ" ಅಂತ ಇತ್ತು, ನಾನು ಗಮನಿಸಲಿಲ್ಲ. ನಿಲಂ ಅಂದರೆ ಗದ್ದೆ. ಮನೆ ಕಟ್ಟುವ ಜಾಗೆಗೆ "ಪುರಯಿಡಂ" ಅಂತ ಇರಬೇಕು. ತಗೊಂಡವರಿಗೆ ಪಂಚಾಯತಿನಲ್ಲಿ ಪರ್ಮಿಟ್ ಸಿಗಲಿಲ್ಲ. ಕಮಿಷನ್ ವಾಪಸ್ ಕೊಟ್ಟೆ. ಆ ಮನೆಯವರನ್ನು ಪೇಟೆಯಲ್ಲಿ ಕಂಡರೆ ಈಗಲೂ ಸಂಕಟ ಆಗುತ್ತದೆ.

2008ರ ಗದ್ದೆ ಸಂರಕ್ಷಣೆ ಕಾಯಿದೆ ಬಂದ ಮೇಲೆ ಕೇರಳದಲ್ಲಿ ಇದು ಬಹಳ ಬಿಗಿ. ಆಧಾರ (ಜಾಗೆಯ ಕ್ರಯಪತ್ರ, ಆಧಾರ್ ಕಾರ್ಡ್ ಅಲ್ಲ), ತೆರಿಗೆ ರಶೀದಿ, ಕುಡಿಕ್ಕಡ (ಋಣಭಾರ ಪತ್ರ, ಇ.ಸಿ.) ಮೂರನ್ನೂ ನೋಡಿ. ವಿಲೇಜ್ ಆಫೀಸಿಗೆ ಹೋಗಿ ಸರ್ವೆ ನಂಬರ್ ಕೊಟ್ಟು, ಡಾಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಸರಕಾರಿ ಪಟ್ಟಿಯಲ್ಲಿ, ಇದೆಯಾ ಕೇಳಿ. ಮಲಯಾಳಂ ಓದಲು ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಾನು ಈಗ ಮಗಳಿಂದ ಓದಿಸುತ್ತೇನೆ.

ಕೇಳಿದವರು ಮತ್ತೆ: "ಎರಡೂ ರಾಜ್ಯದ್ದು ಒಟ್ಟಿಗೆ ಮಾಡಿಸಲಾ?"

ಉಪ್ಪಳದಿಂದ:

ಬೇಡ. ಕೈಯಲ್ಲಿ ಕೆಲಸ ಇರುವುದು ಮಂಗಳೂರಿನಲ್ಲಿ, ಕರ್ನಾಟಕದ್ದು ಮೊದಲು ಮಾಡಿಸಿ. ನೋಂದಣಿ ಐದು ವರ್ಷಕ್ಕೆ. ಕೇರಳದ್ದು ಈ ಕಡೆ ಪ್ರಾಜೆಕ್ಟ್ ಸಿಕ್ಕಿದಾಗ ನೋಡಿದರಾಯಿತು. ಅರ್ಜಿ ಹಾಕುವ ಮುಂಚೆ ಬಿಲ್ಡರ್ ಹತ್ತಿರ ಪ್ರಾಜೆಕ್ಟಿನ ರೇರಾ ನಂಬರ್ ಕೇಳಿ, ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ಅಲ್ಲಿ ಕಾಣದಿದ್ದರೆ ಆ ಕೆಲಸ ಒಪ್ಪಿಕೊಳ್ಳಬೇಡಿ, ಬಿಲ್ಡರ್ ಎಷ್ಟೇ ಪರಿಚಯದವರಾಗಿರಲಿ.