ಬಿಸಿ ಎಂಜಿನ್, ಒದೆಯೋ ಸೆಲ್ಫು

ಹಾಂ ಪುಟ್ಟಾ, ನಿನ್ನ ಮೆಸೇಜು ಎರಡು ಸಲ ಕೇಳಿದೆ. ಗ್ರೂಪಲ್ಲಿರೋ ಉಳಿದೋರು ಬೇಜಾರು ಮಾಡ್ಕೋಬೇಡಿ, ಇದು ಸ್ವಲ್ಪ ಉದ್ದ ಆಗುತ್ತೆ.

ಹಳೇ ಪೆಟ್ರೋಲ್ ಲಾರಿ ತಣ್ಣಗಿದ್ದಾಗ ಹೇಗೋ ಸ್ಟಾರ್ಟ್ ಆಗುತ್ತೆ, ಓಡಿಸಿ ನಿಲ್ಲಿಸಿ ಮತ್ತೆ ಸೆಲ್ಫ್ ಹೊಡೆದ್ರೆ ಗಕ್ ಅಂತ ನಿಂತು ಹಿಂದಕ್ಕೆ ಒದೆಯುತ್ತೆ ಅಂದೆ. ಬ್ಯಾಟರಿ ಹೊಸದು, ಸೆಲ್ಫ್ ಮೋಟರೂ ಬಿಚ್ಚಿಸಿ ನೋಡಿದ್ದೀಯ. ಅದೆಲ್ಲ ಸರಿ. ಆದ್ರೆ ನಡುವೆ ಒಂದು ಮಾತು ಹೇಳಿದೆ ನೋಡು, 'ಡಿಸ್ಟ್ರಿಬ್ಯೂಟರ್ ತಿರುಗಿಸ್ತಾ ಐಡ್ಲಿಂಗ್ ಎಲ್ಲಿ ಚೆನ್ನಾಗಿ ಏರಿತೋ ಅಲ್ಲೇ ಟೈಟ್ ಮಾಡಿದೆ' ಅಂತ. ಡಿಸ್ಟ್ರಿಬ್ಯೂಟರ್ ಅಂದ್ರೆ ಪ್ಲಗ್ಗುಗಳಿಗೆ ಸರದಿ ಪ್ರಕಾರ ಕಿಡಿ ಹಂಚೋ ಡಬ್ಬಿ, ಅದನ್ನ ತಿರುಗಿಸಿದ್ರೆ ಕಿಡಿ ಹಾರೋ ಹೊತ್ತು, ಅಂದ್ರೆ ಟೈಮಿಂಗ್, ಬದಲಾಗುತ್ತೆ. ಕಳ್ಳ ಅಲ್ಲೇ ಇದ್ದಾನೆ ಅನ್ಸುತ್ತೆ.

ಐಡ್ಲಿಂಗಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ಸುಮ್ನೆ ಓಡುವಾಗ, ಅಡ್ವಾನ್ಸ್ (ಕಿಡಿ ಬೇಗ ಹಾರಿಸೋದು) ಜಾಸ್ತಿ ಕೊಟ್ರೂ ಒಂದು ಮಟ್ಟದವರೆಗೆ ಎಂಜಿನ್ ಖುಷಿಯಾಗೇ ಓಡುತ್ತೆ, ಕಿವಿಗೆ ಮೋಸ ಆಗೋದೇ ಅಲ್ಲಿ. ಸೆಲ್ಫ್ ಹೊಡೆಯುವಾಗ ಎಂಜಿನ್ ತೀರಾ ನಿಧಾನ ತಿರುಗುತ್ತೆ. ಪಿಸ್ಟನ್ ಇನ್ನೂ ಮೇಲೆ ಬರ್ತಿರುವಾಗಲೇ ಕಿಡಿ ಹಾರಿ, ಪಿಸ್ಟನ್ನನ್ನ ಬಂದ ದಾರೀಲೇ ವಾಪಸ್ ತಳ್ಳುತ್ತೆ. ಬಿಸಿ ಇದ್ದಾಗ ಪೆಟ್ರೋಲ್ ಬೇಗ ಹತ್ಕೊಳುತ್ತೆ, ಒದೆತ ಜೋರು. ಸೆಲ್ಫಿನ ಹಲ್ಲು ಮುರಿಯೋದು ಹೀಗೇನೇ.

ಹಾಗಂತ ಈಗಲೇ ಡಿಸ್ಟ್ರಿಬ್ಯೂಟರ್ ಹಿಂದಕ್ಕೆ ತಿರುಗಿಸೋಕೆ ಹೋಗ್ಬೇಡ. ಮೊದಲು ಪಾಯಿಂಟ್ ಗ್ಯಾಪು. ಪಾಯಿಂಟ್ ಅಂದ್ರೆ ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚೋ ಸಣ್ಣ ಸ್ವಿಚ್ಚು, ಅದು ತೆರೆದಾಗಲೇ ಕಿಡಿ ಹಾರೋದು. ಗ್ಯಾಪ್ ದೊಡ್ಡದಾದ್ರೆ ಪಾಯಿಂಟ್ ಬೇಗ ತೆರೆಯುತ್ತೆ, ಟೈಮಿಂಗ್ ಮುಂದಕ್ಕೆ ಹೋಗುತ್ತೆ, ಸಣ್ಣದಾದ್ರೆ ಹಿಂದಕ್ಕೆ. ಟೈಮಿಂಗ್ ಇಟ್ಟಮೇಲೆ ಗ್ಯಾಪ್ ಮುಟ್ಟಿದ್ರೆ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಡಿಸ್ಟ್ರಿಬ್ಯೂಟರ್ ಒಳಗೆ ತಿರುಗೋ ಕ್ಯಾಮಿನ ಏಣು ಪಾಯಿಂಟನ್ನ ಪೂರ್ತಿ ತೆರೆದಿರೋ ಜಾಗದಲ್ಲಿ ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ತಗಡು) ಹಾಕಿ ನೋಡು. ಸುಮಾರಾಗಿ 0.4 ಮಿಲಿಮೀಟರ್ ಇರುತ್ತೆ, ನಿನ್ನ ಎಂಜಿನ್ ಮ್ಯಾನ್ಯುಯಲಲ್ಲಿ ಇರೋದೇ ಲೆಕ್ಕ. ಪಾಯಿಂಟ್ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬ್ಬಿ ಎದ್ದಿದ್ರೆ ಕಂಡೆನ್ಸರ್ (ಪಾಯಿಂಟ್ ಸುಡದ ಹಾಗೆ ಕಾಯೋ ಚಿಕ್ಕ ಡಬ್ಬಿ) ಮೇಲೂ ಅನುಮಾನ ಪಡು.

ಆಮೇಲೆ ಲಾರಿ ನ್ಯೂಟ್ರಲಲ್ಲಿಟ್ಟು, ಒಂದನೇ ಪ್ಲಗ್ ಬಿಚ್ಚಿ ತೂತಿಗೆ ಬೆರಳಿಟ್ಟು ಎಂಜಿನ್ ಕೈಯಲ್ಲಿ ತಿರುಗಿಸು. ಗಾಳಿ ಬೆರಳನ್ನ ತಳ್ಳಿದ್ರೆ ಕಂಪ್ರೆಷನ್, ಅಂದ್ರೆ ಪಿಸ್ಟನ್ ಗಾಳಿಯನ್ನ ಒತ್ತುತ್ತಾ ಮೇಲೆ ಬರ್ತಿದೆ. ಅಲ್ಲಿಂದ ನಿಧಾನಕ್ಕೆ ಎಂಜಿನ್ ಮುಂದಿನ ಪುಲ್ಲಿ ಮೇಲಿರೋ ಟೈಮಿಂಗ್ ಗುರುತಿಗೆ ಬಾ. ದಾಟಿಹೋದ್ರೆ ಚೆನ್ನಾಗಿ ಹಿಂದಕ್ಕೆ ಹೋಗಿ ಮತ್ತೆ ಓಡೋ ದಿಕ್ಕಲ್ಲೇ ಬರಬೇಕು, ಇಲ್ಲಾಂದ್ರೆ ಗೇರಿನ ಸಡಿಲ ಸೇರ್ಕೊಳುತ್ತೆ. ಕಾಯಿಲಿಂದ (ಕಿಡಿಗೆ ಬೇಕಾದ ವೋಲ್ಟೇಜ್ ಏರಿಸೋ ಡಬ್ಬಿ) ಪಾಯಿಂಟಿಗೆ ಹೋಗೋ ಸಣ್ಣ ವೈರಿನ ಟರ್ಮಿನಲಿಗೆ ಟೆಸ್ಟ್ ಬಲ್ಬಿನ ಒಂದು ವೈರು, ಇನ್ನೊಂದು ಬಾಡಿಗೆ. ಕೀ ಆನ್ ಮಾಡಿ ಡಿಸ್ಟ್ರಿಬ್ಯೂಟರ್ ತಿರುಗಿಸು. ಬಲ್ಬ್ ಹತ್ತಿದ ಕ್ಷಣವೇ ಕಿಡಿ ಹಾರೋ ಜಾಗ. ಅಲ್ಲೇ ಡಿಸ್ಟ್ರಿಬ್ಯೂಟರ್ ಬಿಗಿ ಮಾಡು.

ಸ್ಟಾರ್ಟ್ ಮಾಡಿ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿಂಚಿ ಪುಲ್ಲಿ ಗುರುತು ತೋರಿಸೋ ಲೈಟು) ಹಿಡಿಯುವಾಗ ಡಿಸ್ಟ್ರಿಬ್ಯೂಟರಿಗೆ ಬರೋ ವ್ಯಾಕ್ಯೂಮ್ ಪೈಪ್ ಕಿತ್ತು ಬಾಯಿ ಮುಚ್ಚಿಡು. ಆಕ್ಸಿಲರೇಟರ್ ಕೊಟ್ಟಾಗ ಗುರುತು ಸರಿಯುತ್ತೆ, ಬಿಟ್ಟಾಗ ವಾಪಸ್ ಬರಬೇಕು. ಬರಲಿಲ್ಲ ಅಂದ್ರೆ ಡಿಸ್ಟ್ರಿಬ್ಯೂಟರ್ ಒಳಗಿನ ಅಡ್ವಾನ್ಸ್ ತೂಕಗಳು (ವೇಗ ಏರಿದ ಹಾಗೆ ಕಿಡಿ ಬೇಗ ಹಾರಿಸೋವು) ತುಕ್ಕು ಹಿಡಿದು ಸಿಕ್ಕಿಕೊಂಡಿರಬಹುದು, ಆಗಲೂ ಇದೇ ಒದೆತ. ಗುರುತು ಒಂದೆಡೆ ನಿಲ್ಲದೆ ಕುಣಿದ್ರೆ ಡಿಸ್ಟ್ರಿಬ್ಯೂಟರ್ ಶಾಫ್ಟಿನ ಬುಷ್ ಸವೆದಿರಬಹುದು.

ಇನ್ನೊಂದು, ನಾನೇ ಮೋಸಹೋಗಿದ್ದು. ಗುರುತು ಇರೋ ಮುಂದಿನ ಪುಲ್ಲೀಲಿ ಎಂಜಿನ್ ನಡುಕ ತಡೆಯೋ ಡ್ಯಾಂಪರ್ ಇತ್ತು, ಅದರ ನಡುವಿನ ರಬ್ಬರ್ ಸತ್ತು ಹೊರಗಿನ ಬಳೆ ಜಾರಿತ್ತು. ಗುರುತೇ ಸುಳ್ಳು ಹೇಳ್ತಿತ್ತು, ನಾನು ಒಂದಿಡೀ ದಿನ ಕಾರ್ಬ್ಯುರೇಟರ್ ಬೈಕೊಂಡು ಕೂತಿದ್ದೆ! ರಬ್ಬರ್ ಬಿರುಕು ಬಿಟ್ಟಿದೆಯಾ ನೋಡ್ಕೋ.

ಸದ್ಯಕ್ಕೆ ಬರೀ ಪಾಯಿಂಟಿನ ಒಂದು ಫೋಟೋ ಹಾಕು, ಗ್ಯಾಪ್ ಎಷ್ಟಿದೆ ಅಂತ ಹೇಳು. ಅಲ್ಲೀವರೆಗೂ ಬಿಸಿ ಎಂಜಿನ್ನಿಗೆ ಸೆಲ್ಫ್ ಹೊಡೀಬೇಡ.